ಕಾಫಿಪ್ರಿಯರಿಗೆ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯ ಕಪಾಟಿನಲ್ಲಿ ಎರಡು ಹಲಗೆಗಳು ಕಾಫಿಯ ಕುರಿತ ಪುಸ್ತಕಗಳಿಗೇ ಮೀಸಲು. ಅವುಗಳನ್ನು ಎರವಲು ಒಯ್ದವರು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು, ಕಾರವಾರ, ಕುಮಟಾ, ಯಲ್ಲಾಪುರಗಳಿಂದ ಪತ್ರ ಬರೆದವರು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಓದಿದ್ದು ಮರುದಿನದ ಲೋಟದಲ್ಲಾದರೂ ಕಾಣಿಸಬೇಕು, ಇಲ್ಲವೇ ಆ ಲೋಟದ ಹಿಂದಿರುವ ಜನರ ಬಗೆಗಿನ ನಮ್ಮ ತಿಳಿವಳಿಕೆಯಲ್ಲಾದರೂ ಕಾಣಿಸಬೇಕು ಎಂಬುದೊಂದೇ ನನ್ನ ಆಯ್ಕೆಯ ಅಳತೆಗೋಲು.

ಮೊದಲ ಓದು

ಕಾಫಿ ಬಗ್ಗೆ ಒಂದೇ ಒಂದು ಪುಸ್ತಕ ಓದೋದಾದ್ರೆ ಯಾವುದು ಓದಲಿ?

ಜೇಮ್ಸ್ ಹಾಫ್‌ಮನ್ ಅವರ ‘ದಿ ವರ್ಲ್ಡ್ ಅಟ್ಲಾಸ್ ಆಫ್ ಕಾಫಿ’ಯನ್ನು ಓದಿ. 2007ರ ವಿಶ್ವ ಬರಿಸ್ತಾ (ಕೆಫೆಯಲ್ಲಿ ಕಾಫಿ ತಯಾರಿಸುವವರ) ಸ್ಪರ್ಧೆಯನ್ನು ಗೆದ್ದ ಹಾಫ್‌ಮನ್ ಈ ಪುಸ್ತಕವನ್ನು 2014ರಲ್ಲಿ ಪ್ರಕಟಿಸಿದರು. 2018ರಲ್ಲಿ ಪರಿಷ್ಕೃತ ಆವೃತ್ತಿ ಬಂದಿತು, ಕೊಳ್ಳುವುದಾದರೆ ಸಿಗುವವುಗಳಲ್ಲಿ ಇತ್ತೀಚಿನ ಆವೃತ್ತಿಯನ್ನೇ ಕೊಳ್ಳಬೇಕು. ಗಿಡ, ಹಣ್ಣು, ಸಂಸ್ಕರಣೆ, ಹುರಿಯುವಿಕೆ, ಕುದಿಸುವ ವಿಧಾನ ಇವೆಲ್ಲ ಮೊದಲ ಎರಡು ಭಾಗಗಳಲ್ಲಿವೆ. ಮೂರನೆಯ ಭಾಗದಲ್ಲಿ ಕಾಫಿ ಬೆಳೆಯುವ ದೇಶಗಳ ಪರಿಚಯ ನಕ್ಷೆಗಳೊಂದಿಗೆ ಬರುತ್ತದೆ, ಭಾರತವೂ ಅದರಲ್ಲಿದೆ. ಇದನ್ನು ಕಾದಂಬರಿಯಂತೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಹೋದವರು ನಡುವೆಯೇ ಕೈಬಿಟ್ಟಿದ್ದನ್ನು ನೋಡಿದ್ದೇನೆ. ಮೊದಲ ಎರಡು ಭಾಗಗಳನ್ನು ಓದಿ ಮುಗಿಸಿ, ಮೂರನೆಯದನ್ನು ಯಾವುದಾದರೂ ಊರಿನ ಕಾಫಿ ಕೈಗೆ ಬಂದಾಗ ತೆರೆದು ನೋಡುವುದು ಒಳ್ಳೆಯದು. ಒಂದು ಕೊರತೆಯನ್ನು ಮೊದಲೇ ಹೇಳಬೇಕು: ಹಾಲು ಹಾಕದೆ ಕುಡಿಯುವವರ ನಾಲಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ ಇದು. ಹಾಲು, ಚಿಕೋರಿ, ಬೆಲ್ಲಗಳೊಂದಿಗೆ ಬೆಳೆದ ನಮಗೆ ಅಲ್ಲಲ್ಲಿ ಬೇರೆಯವರ ಮನೆಗೆ ಹೋದ ಹಾಗೆ ಅನಿಸುತ್ತದೆ.

ಇಂಗ್ಲಿಷ್ ಓದೋದು ಕಷ್ಟ. ಕನ್ನಡದಲ್ಲಿ ಎಂತದೂ ಇಲ್ವಾ?

ಲೋಟದೊಳಗಿನ ಕಾಫಿಯನ್ನೇ ವಿಷಯವಾಗಿಸಿಕೊಂಡ ಪುಸ್ತಕವನ್ನು ಹುಡುಕುವುದಕ್ಕಿಂತ ಕಾಫಿಯ ನೆಲವನ್ನು ಬರೆದವರನ್ನು ಹುಡುಕುವುದು ಹೆಚ್ಚು ಫಲಕಾರಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದವರು. ಅವರ ‘ಪರಿಸರದ ಕತೆ’ಯಲ್ಲಿ ಬರುವ ಮಳೆ, ಕಾಡು, ಆಳುಕಾಳು, ನಾಯಿ, ಹಕ್ಕಿ ಎಲ್ಲವೂ ತೋಟದ ಬೇಲಿಯ ಆಚೀಚೆಯವು. ಅದನ್ನು ಓದಿದವರಿಗೆ ಕಾಫಿ ಕಾರ್ಖಾನೆಯಿಂದ ಬರುವ ಪುಡಿಯಾಗಿ ಕಾಣುವುದು ನಿಂತು, ಹವಾಮಾನವನ್ನು ನಂಬಿಕೊಂಡ ಒಂದು ಬೆಳೆಯಾಗಿ ಕಾಣತೊಡಗುತ್ತದೆ. ಅದರ ಜೊತೆಗೆ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಓದಿದರೆ ತೋಟದ ಮನೆಯ ಒಳಗಿನ ಬದುಕೂ ತಿಳಿಯುತ್ತದೆ.

ಮೂರನೆಯದು ನಮ್ಮ ಅಂಕೋಲೆಯ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕತೆ ಆರಂಭವಾಗುವುದೇ ಬೆಂಗಳೂರಿನ ಹಳೆಯದೊಂದು ಕಾಫಿ ಹೌಸ್‌ನಲ್ಲಿ, ವಿನ್ಸೆಂಟ್ ಎಂಬ ಮಾಣಿಯ ಎದುರಿನಲ್ಲಿ. ಮನೆಯಲ್ಲಿ ಆಡಲಾಗದ ಮಾತನ್ನು ಹೊತ್ತುಕೊಂಡು ಬಂದು ಕೂರುವ ಜಾಗವಾಗಿ ಕಾಫಿ ಹೌಸ್ ಏನು ಮಾಡಬಲ್ಲದು ಎಂಬುದನ್ನು ಇದರಷ್ಟು ಕಡಿಮೆ ಪುಟಗಳಲ್ಲಿ ಹೇಳಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ.

ದುಡ್ಡು ಕೊಡದೆ ಓದುವಂಥದ್ದು ಏನಾದ್ರೂ ಇದೆಯಾ?

ಇದೆ. ವಿಲಿಯಂ ಯೂಕರ್ಸ್ ಅವರ ‘ಆಲ್ ಅಬೌಟ್ ಕಾಫಿ’ 1922ರಲ್ಲಿ ಪ್ರಕಟವಾದದ್ದು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಯೂಕರ್ಸ್ ಅಮೆರಿಕದಲ್ಲಿ ಚಹಾ ಮತ್ತು ಕಾಫಿ ವ್ಯಾಪಾರದ ಪತ್ರಿಕೆಯೊಂದರ ಸಂಪಾದಕರಾಗಿದ್ದವರು, ಈ ಪುಸ್ತಕದ ಸಾಮಗ್ರಿ ಸಂಗ್ರಹಕ್ಕೆ ಹದಿನೇಳು ವರ್ಷ ಹಿಂದೆಯೇ ಹೊರಟವರು. ಎಂಟುನೂರರ ಹತ್ತಿರದ ಪುಟಗಳಲ್ಲಿ ಹಳೆಯ ಕಾಫಿ ಪಾತ್ರೆಗಳ ಚಿತ್ರಗಳಿಂದ ಹಿಡಿದು ಬಂದರುಗಳ ವ್ಯಾಪಾರದವರೆಗೆ ಎಲ್ಲವೂ ಇದೆ. ವಿಜ್ಞಾನದ ಭಾಗ ಹಳತಾಗಿದೆ, ದಂತಕತೆಗಳನ್ನು ಅವರು ಧಾರಾಳವಾಗಿ ಸೇರಿಸಿದ್ದಾರೆ. ಆದರೂ ಮಳೆಗಾಲದ ಮಧ್ಯಾಹ್ನ ಯಾವುದೋ ಒಂದು ಪುಟ ತೆರೆದು ಓದಲು ಇದಕ್ಕಿಂತ ತೃಪ್ತಿಕರವಾದದ್ದು ಸಿಗುವುದು ಕಷ್ಟ.

ನಮ್ಮ ಮನೆಯಲ್ಲಿ ಎಲ್ಲರೂ ಚಾ. ಕಾಫಿ ಕುಡಿಯುವವನು ಮಗ ಒಬ್ಬನೇ. ಅವನಿಗೆ ಉಡುಗೊರೆ ಕೊಡಲು ಯಾವುದು?

ಮಗ ತಾನೇ ಕಾಫಿ ಮಾಡಿಕೊಳ್ಳುವವನಾದರೆ ಹಾಫ್‌ಮನ್ ಅವರದೇ ‘ಹೌ ಟು ಮೇಕ್ ದ ಬೆಸ್ಟ್ ಕಾಫಿ ಅಟ್ ಹೋಮ್’ ಕೊಡಿ. ಹೊರಗೆ ಕುಳಿತು ಕುಡಿಯುವುದನ್ನು ಇಷ್ಟಪಡುವವನಾದರೆ ಛಾಯಾಗ್ರಾಹಕ ಸ್ಟುವರ್ಟ್ ಫ್ರೀಡ್‌ಮನ್ ದೇಶದ ಬೇರೆ ಬೇರೆ ಊರುಗಳ ಇಂಡಿಯನ್ ಕಾಫಿ ಹೌಸ್‌ಗಳನ್ನು ಸುತ್ತಿ ತೆಗೆದ ಚಿತ್ರಗಳ ಪುಸ್ತಕ ‘ದ ಪ್ಯಾಲೇಸಸ್ ಆಫ್ ಮೆಮೊರಿ’ ಸೂಕ್ತ. ಅದನ್ನು ಚಾ ಕುಡಿಯುವವರೂ ತಿರುವಿ ಹಾಕುತ್ತಾರೆ.

ಚರಿತ್ರೆ

ಆಡು ಕಾಫಿ ಹಣ್ಣು ತಿಂದು ಕುಣಿದ ಕತೆ ಎಲ್ಲ ಪುಸ್ತಕದಲ್ಲೂ ಇರ್ತದೆ. ಅದು ನಿಜವಾ?

ಇಥಿಯೋಪಿಯಾದ ಕುರುಬ ಕಾಲ್ಡಿಯ ಕತೆಯನ್ನು ಒಂಬತ್ತನೆಯ ಶತಮಾನದ್ದು ಎನ್ನುತ್ತಾರೆ. ಕುಣಿಯುವ ಆಡುಗಳ ಈ ಕತೆ ಬರಹದಲ್ಲಿ ಮೊದಲು ಕಾಣಿಸಿಕೊಳ್ಳುವುದು 1671ರಲ್ಲಿ, ರೋಮ್‌ನಲ್ಲಿದ್ದ ಫಾಸ್ಟಸ್ ನೈರೋನ್ ಎಂಬ ವಿದ್ವಾಂಸನ ಲ್ಯಾಟಿನ್ ಗ್ರಂಥದಲ್ಲಿ. ನಡುವಿನ ಎಂಟು ಶತಮಾನಗಳು ಖಾಲಿ. ಹೊಸ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಈ ಕತೆಯನ್ನು ಲೇಖಕರು ದಂತಕತೆ ಎಂದು ಹೇಳಿದ್ದಾರೆಯೇ, ಚರಿತ್ರೆ ಎಂದು ಮಂಡಿಸಿದ್ದಾರೆಯೇ ಎಂಬುದನ್ನು. ಇಲ್ಲಿ ಎಚ್ಚರ ತಪ್ಪಿದವರನ್ನು ಮುಂದಿನ ಪುಟಗಳಲ್ಲಿ ನಂಬುವುದು ಕಷ್ಟ.

ನಂಬಬಹುದಾದ ಪುಸ್ತಕವೆಂದರೆ ರಾಲ್ಫ್ ಹ್ಯಾಟಾಕ್ಸ್ ಅವರ ‘ಕಾಫಿ ಆ್ಯಂಡ್ ಕಾಫಿಹೌಸಸ್’ (1985). ಹದಿನೈದನೆಯ ಶತಮಾನದ ಯೆಮೆನ್‌ನಲ್ಲಿ ಸೂಫಿಗಳು ರಾತ್ರಿಯ ಪ್ರಾರ್ಥನೆಗೆ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದುದರಿಂದ ಅವರು ಆರಂಭಿಸುತ್ತಾರೆ. 1511ರಲ್ಲಿ ಮೆಕ್ಕಾದ ಅಧಿಕಾರಿ ಖಾಯರ್ ಬೇಗ್ ವಿದ್ವಾಂಸರನ್ನೂ ವೈದ್ಯರನ್ನೂ ಸೇರಿಸಿ ಕಾಫಿಯನ್ನು ನಿಷೇಧಿಸಿದ ಪ್ರಸಂಗದ ವಿಶ್ಲೇಷಣೆ ಈ ಪುಸ್ತಕದ ಹೃದಯ. ಜನ ರಾತ್ರಿ ಹೊತ್ತು ಒಂದೆಡೆ ಸೇರಿ ಮಾತಾಡುವುದೇ ಆಳುವವರಿಗೆ ಪಾನೀಯಕ್ಕಿಂತ ದೊಡ್ಡ ತೊಡಕಾಗಿ ಕಂಡಿತ್ತು ಎಂಬುದನ್ನು ಹ್ಯಾಟಾಕ್ಸ್ ಆಧಾರಗಳ ಸಮೇತ ತೋರಿಸುತ್ತಾರೆ. ಪುಸ್ತಕ ಚಿಕ್ಕದು, ಆದರೆ ನಿಧಾನವಾಗಿ ಓದಬೇಕು.

ಜಗತ್ತಿನ ಕಾಫಿ ಚರಿತ್ರೆ ಪೂರ್ತಿ ತಿಳಿಯಬೇಕು. ದಪ್ಪ ಪುಸ್ತಕಕ್ಕೂ ತಯಾರಿದ್ದೇನೆ.

ಹೆಚ್ಚಿನವರು ಹೇಳುವ ಹೆಸರು ಮಾರ್ಕ್ ಪೆಂಡರ್‌ಗ್ರಾಸ್ಟ್ ಅವರ ‘ಅನ್‌ಕಾಮನ್ ಗ್ರೌಂಡ್ಸ್’ (1999, ಪರಿಷ್ಕೃತ 2010). ಮಾಹಿತಿಯ ರಾಶಿಯೇ ಅದು. ಆದರೆ ಅಮೆರಿಕದ ಮಾರುಕಟ್ಟೆ, ಜಾಹೀರಾತು, ಬ್ರೆಜಿಲ್‌ನ ಬೆಲೆ ಏರಿಳಿತಗಳ ಕಡೆಗೆ ವಾಲಿದೆ. ಸ್ಥೂಲ ಪರಿಚಯ ಸಾಕೆನ್ನುವವರಿಗೆ ಜೊನಾಥನ್ ಮಾರಿಸ್ ಅವರ ‘ಕಾಫಿ: ಎ ಗ್ಲೋಬಲ್ ಹಿಸ್ಟರಿ’ ಸಾಕು.

ನಾನು ಎಲ್ಲಕ್ಕಿಂತ ಮೊದಲು ಕೈಗಿಡುವುದು ಅಗಸ್ಟೀನ್ ಸೆಡ್ಜ್‌ವಿಕ್ ಅವರ ‘ಕಾಫಿಲ್ಯಾಂಡ್’ (2020). ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿ ಎಲ್ ಸಾಲ್ವಡಾರ್‌ಗೆ ಹೋಗಿ ಕಾಫಿ ಸಾಮ್ರಾಜ್ಯ ಕಟ್ಟಿದ ಜೇಮ್ಸ್ ಹಿಲ್ ಎಂಬವನ ಕತೆಯ ಮೂಲಕ ಲೇಖಕರು ಕೇಳುವ ಪ್ರಶ್ನೆ ಸರಳವಾದದ್ದು: ಹಣ್ಣು ಕೊಯ್ಯಲು ಜನ ಏಕೆ ಬರುತ್ತಾರೆ? ಅಲ್ಲಿನ ತೋಟಗಳಲ್ಲಿ ತಿನ್ನಬಹುದಾದ ಗಿಡಮರಗಳನ್ನು ಕಡಿದು ತೆಗೆಯಲಾಯಿತು. ದಾರಿಯಲ್ಲಿ ಒಂದು ಹಣ್ಣೂ ಸಿಗದ ಕಡೆ ಕೂಲಿಯವನು ಊಟಕ್ಕಾಗಿ ಕೆಲಸಕ್ಕೆ ಬರಲೇಬೇಕು. ಹಸಿವೆಯೇ ಮೇಸ್ತ್ರಿಯಾಗಿ ನಿಂತಿತು. ಅಡಿಕೆಯ ಕೆಳಗೆ ಬಾಳೆ, ಅಡಿಕೆಯ ಮೈಗೆ ಕಾಳುಮೆಣಸು, ನಡುವೆ ಏಲಕ್ಕಿ, ಬೇಲಿಯಲ್ಲಿ ಹಲಸು ಇರುವ ತೋಟಗಳ ನಡುವೆ ಬೆಳೆದ ನಾನು ಈ ಅಧ್ಯಾಯವನ್ನು ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ತೋಟದ ವಿನ್ಯಾಸದಲ್ಲಿಯೇ ಹಸಿವೆಯನ್ನು ನೆಡಬಹುದು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ನಮ್ಮ ಕಡೆಗೆ ಕಾಫಿ ಹೇಗೆ ಬಂತು ಅಂತ ಹೇಳುವ ಪುಸ್ತಕ ಬೇಕು.

ಬಾಬಾ ಬುಡನ್ ಮೆಕ್ಕಾ ಯಾತ್ರೆಯಿಂದ ಮರಳುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ 1670ರ ಸುಮಾರಿನದೆಂದು ಹೇಳುತ್ತಾರೆ. ದೊಡ್ಡ ಪ್ರಮಾಣದ ತೋಟಗಳ ಕಾಲವನ್ನು ಕಣ್ಣಾರೆ ಕಂಡವರ ಬರಹ ಬೇಕಾದರೆ ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ 1894ರಲ್ಲಿ ಪ್ರಕಟಿಸಿದ ‘ಗೋಲ್ಡ್, ಸ್ಪೋರ್ಟ್ ಆ್ಯಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಇದೆ. ಇದೂ ಉಚಿತವಾಗಿ ಸಿಗುತ್ತದೆ. ನೆರಳು ಮರಗಳ ಬಗ್ಗೆ ಅವನು ಬರೆದದ್ದು ಇಂದಿಗೂ ಬೆಳೆಗಾರರ ಕಣ್ಣಿಗೆ ಬೀಳಬೇಕಾದದ್ದು. ಆದರೆ ಅದು ಆಳುವವನ ಜಗಲಿಯಿಂದ ನೋಡಿದ ತೋಟ ಎಂಬುದನ್ನು ಮರೆಯದೆ ಓದಬೇಕು.

ಕಾಫಿ ನಮ್ಮ ಅಡುಗೆಮನೆಗೆ ಬಂದ ಬಗೆಯನ್ನು ತಿಳಿಯಲು ಎ. ಆರ್. ವೆಂಕಟಾಚಲಪತಿಯವರ ‘ಇನ್ ದೋಸ್ ಡೇಸ್ ದೇರ್ ವಾಸ್ ನೋ ಕಾಫಿ’ (2006) ಓದಬೇಕು. ತಮಿಳುನಾಡಿನ ಮಧ್ಯಮವರ್ಗ ಕಾಫಿಯನ್ನು ತನ್ನ ಗುರುತಾಗಿ ಮಾಡಿಕೊಂಡದ್ದು, ಹಳೆಯ ತಲೆಮಾರು ಅದಕ್ಕೆ ಗೊಣಗಿದ್ದು, ಚಹಾ ದುಡಿಯುವವರ ಪಾನೀಯ ಎನಿಸಿಕೊಂಡದ್ದು ಇದರ ಮೊದಲ ಪ್ರಬಂಧದ ವಿಷಯ. ಇದನ್ನು ಓದಿದ ಮೇಲೆ ನಮ್ಮ ಜಿಲ್ಲೆಯನ್ನು ಕುರಿತು ಇಂಥದೇ ಪ್ರಶ್ನೆಗಳು ಏಳುತ್ತವೆ. ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ‘ಆಸರಿಗೆ ಎಂತ?’ (ಕುಡಿಯಲು ಏನು?) ಎಂಬ ಪ್ರಶ್ನೆಗೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿದ ಕಷಾಯವೇ ಉತ್ತರವಾಗಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವ ಕೆಲಸವನ್ನು ಯಾರಾದರೂ ಬೇಗ ಮಾಡಬೇಕು.

ಕತೆ, ಕಾದಂಬರಿ

ಮಾಹಿತಿ ಬೇಡ, ಕತೆ ಬೇಕು. ಕಾಫಿ ತೋಟದ ಕಾದಂಬರಿಗಳು ಯಾವುವು?

ಕಾವೇರಿ ನಂಬೀಸನ್ ಅವರ ‘ದ ಸೆಂಟ್ ಆಫ್ ಪೆಪ್ಪರ್’ (1996) ಮತ್ತು ಸರಿತಾ ಮಂದಣ್ಣ ಅವರ ‘ಟೈಗರ್ ಹಿಲ್ಸ್’ (2010) ಎರಡೂ ಕೊಡಗಿನವು. ಮೊದಲನೆಯದರಲ್ಲಿ ಮನೆತನದ ಒಳಬದುಕು ಆಳವಾಗಿದೆ; ಎರಡನೆಯದು 1878ರಿಂದ ಆರಂಭವಾಗುವ ದೀರ್ಘ ಪ್ರೇಮಕತೆ, ಓಟ ಹೆಚ್ಚು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಮೊದಲನೆಯದನ್ನು ಆರಿಸುತ್ತೇನೆ. ಹೊರನಾಡಿನ ಕೃತಿಗಳಲ್ಲಿ 1860ರಲ್ಲಿ ಮುಲ್ತಾತುಲಿ ಎಂಬ ಕಾವ್ಯನಾಮದಲ್ಲಿ ಪ್ರಕಟವಾದ ಡಚ್ ಕಾದಂಬರಿ ‘ಮ್ಯಾಕ್ಸ್ ಹಾವೆಲಾರ್’ ಮುಖ್ಯವಾದದ್ದು. ಜಾವಾದ ರೈತರಿಂದ ಬಲವಂತವಾಗಿ ಬೆಳೆಸಿದ ಕಾಫಿ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿಗೆ ಬರುವ ವ್ಯವಸ್ಥೆಯನ್ನು, ಅಲ್ಲಿ ಅಧಿಕಾರಿಯಾಗಿದ್ದವರೇ ಬಯಲಿಗೆಳೆದ ಬರಹ ಅದು. ನಿಜ ಜೀವನದ ಸಾಹಸ ಬೇಕಾದವರಿಗೆ ಡೇವ್ ಎಗ್ಗರ್ಸ್ ಅವರ ‘ದ ಮಾಂಕ್ ಆಫ್ ಮೋಕಾ’ (2018): ಯೆಮೆನ್ ಮೂಲದ ಅಮೆರಿಕನ್ ಯುವಕನೊಬ್ಬ ಪೂರ್ವಜರ ನಾಡಿನ ಕಾಫಿಯನ್ನು ಮತ್ತೆ ಜಗತ್ತಿಗೆ ಪರಿಚಯಿಸಲು ಹೋಗಿ, 2015ರ ಯುದ್ಧದಲ್ಲಿ ಸಿಲುಕಿ, ಮೋಕಾ ಬಂದರಿನಿಂದ ಸಣ್ಣ ದೋಣಿಯಲ್ಲಿ ಕೆಂಪು ಸಮುದ್ರ ದಾಟುತ್ತಾನೆ. ಕಡಲಿನ ಸ್ವಭಾವ ಬಲ್ಲ ಕಾರವಾರದ ಓದುಗರು ಆ ದೋಣಿಯ ಪುಟಗಳನ್ನು ಉಸಿರು ಬಿಗಿಹಿಡಿದು ಓದಿದ್ದಾಗಿ ಹೇಳಿದ್ದಾರೆ.

‘ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್’ ಎಲ್ಲ ಅಂಗಡಿಯಲ್ಲೂ ಕಾಣ್ತದೆ. ಕಾಫಿಪ್ರಿಯರು ಓದಬೇಕಾ?

ತೊಶಿಕಾಜು ಕವಾಗುಚಿಯವರ ಈ ಜಪಾನಿ ಕಾದಂಬರಿಯಲ್ಲಿ ಕಾಫಿ ಒಂದು ಗಡಿಯಾರ ಮಾತ್ರ. ಟೋಕಿಯೊದ ನೆಲಮಾಳಿಗೆಯ ಕೆಫೆಯೊಂದರಲ್ಲಿ ಕುಳಿತು ಕಳೆದ ಕಾಲಕ್ಕೆ ಹೋಗಬಹುದು, ಆದರೆ ಬಟ್ಟಲು ಆರುವ ಮೊದಲು ಮರಳಬೇಕು. ಮೂಲದಲ್ಲಿ ನಾಟಕವಾಗಿದ್ದುದರಿಂದ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಅಗಲಿದವರ ನೆನಪು ಕಾಡುವವರಿಗೆ ಇಷ್ಟವಾಗುತ್ತದೆ. ಕಾಫಿಯ ರುಚಿಯನ್ನು ಹುಡುಕುವವರಿಗೆ ಇದರಲ್ಲಿ ಹೆಚ್ಚೇನೂ ಸಿಗದು.

ಮಾಡುವುದು, ಹುರಿಯುವುದು, ಕಾಪಾಡುವುದು

ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಫಿಲ್ಟರ್ ಬಗ್ಗೆ ಸರಿಯಾಗಿ ಇರೋದೇ ಇಲ್ಲ. ಹಾಗಿದ್ರೆ ಓದಿ ಪ್ರಯೋಜನ ಎಂತ?

ಈ ದೂರು ನ್ಯಾಯವಾದದ್ದು, ಆದರೆ ಪ್ರಯೋಜನ ಖಂಡಿತ ಇದೆ. ಪಾತ್ರೆ ಬೇರೆಯಾದರೂ ಪುಡಿಯಿಂದ ನೀರು ಸತ್ವವನ್ನು ಎಳೆದುಕೊಳ್ಳುವ ಕ್ರಮ ಒಂದೇ. ಸ್ಕಾಟ್ ರಾವ್ ಅವರ ‘ಎವ್ರಿಥಿಂಗ್ ಬಟ್ ಎಸ್ಪ್ರೆಸೊ’ (2010) ಓದುವಾಗ ಪುಡಿಯ ನುಣುಪು, ನೀರಿನ ಬಿಸಿ, ಸಂಪರ್ಕದ ಹೊತ್ತು, ಪುಡಿ ಮತ್ತು ನೀರಿನ ಪ್ರಮಾಣ ಇವು ಒಂದನ್ನೊಂದು ಹೇಗೆ ಹಿಡಿದೆಳೆಯುತ್ತವೆ ಎಂಬುದನ್ನು ಗಮನಿಸಿ, ಆಮೇಲೆ ನಮ್ಮ ಹಿತ್ತಾಳೆ ಫಿಲ್ಟರ್‌ನ ಮುಂದೆ ನಿಲ್ಲಬೇಕು.

ಒಂದು ಉದಾಹರಣೆ. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಈ ಪುಸ್ತಕಗಳು ಹೇಳುತ್ತವೆ. 25 ಗ್ರಾಂ ಪುಡಿಗೆ 120 ಮಿಲಿಲೀಟರ್ ನೀರು ಹೊಯ್ದರೆ ಕೆಳಗೆ ಇಳಿಯುವುದು 70 ಮಿಲಿಲೀಟರ್‌ನಷ್ಟು ಡಿಕಾಕ್ಷನ್ ಮಾತ್ರ. ‘ಇಷ್ಟು ನೀರು ಹಾಕಿದೆ, ಎಲ್ಲಿ ಹೋಯಿತು?’ ಎಂದು ನಮ್ಮ ಆಯಿ ಪ್ರತಿದಿನ ಕೇಳುತ್ತಿದ್ದ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಹೀಗೆ. ಚಿಕೋರಿಯ ವಿಷಯವೂ ಹಾಗೆಯೇ. ಅದು ಕಾಫಿಗಿಂತ ಬಹಳ ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ; ಆದ್ದರಿಂದಲೇ ಚಿಕೋರಿ ಬೆರೆಸಿದ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಕಾಣುತ್ತದೆ. ಆ ಬಣ್ಣವನ್ನು ನೋಡಿ ಕಾಫಿಯ ಗಟ್ಟಿತನವನ್ನು ಅಳೆಯಲಾಗದು. ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರವನ್ನು ತಂದ ದಿನದಿಂದ ನಮ್ಮ ಮನೆಯ ಕಾಫಿ ಒಂದೊಂದು ದಿನ ಒಂದೊಂದು ಬಗೆಯಾಗುವುದು ನಿಂತಿತು.

ನೀರಿನ ಬಗ್ಗೆಯೇ ‘ವಾಟರ್ ಫಾರ್ ಕಾಫಿ’ (2015) ಎಂಬ ಪುಸ್ತಕವಿದೆ, ಬರಿಸ್ತಾ ಒಬ್ಬರು ಮತ್ತು ರಸಾಯನಶಾಸ್ತ್ರಜ್ಞರೊಬ್ಬರು ಸೇರಿ ಬರೆದದ್ದು. ಒಂದೇ ಪುಡಿ ಶಿರಸಿಯಲ್ಲಿ ಒಂದು ರುಚಿ, ಕಡಲಂಚಿನ ನೆಂಟರ ಮನೆಯ ಬಾವಿನೀರಿನಲ್ಲಿ ಇನ್ನೊಂದು ರುಚಿ ಎಂದು ಗಮನಿಸಿದವರು ಅದನ್ನು ಹುಡುಕಿ ಓದಬೇಕು.

ಜೂನ್ ಬಂತೆಂದ್ರೆ ಪುಡಿಯೂ ಕಲ್ಲು, ಪುಸ್ತಕಕ್ಕೂ ಬೂಷ್ಟು. ಎರಡನ್ನೂ ಹೇಗೆ ಕಾಯೋದು?

ಚಿಕೋರಿ ತೇವವನ್ನು ಬೇಗ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ವಾರಕ್ಕೆ ಆಗುವಷ್ಟೇ ಪುಡಿ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಒಣ ಚಮಚವನ್ನೇ ಬಳಸಿ. ಪುಸ್ತಕದ ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಹೊಳವಾದ ದಿನ ಬಾಗಿಲು ತೆರೆದು, ಪುಟಗಳನ್ನು ಬಿಡಿಸಿ ಗಾಳಿಗೆ ನಿಲ್ಲಿಸಿ. ಇದೇ ತೇವದ ಗಾಳಿಯಿಂದ ಹುಟ್ಟಿದ್ದು ಮಾನ್ಸೂನ್ಡ್ ಮಲಬಾರ್ ಕಾಫಿ. ಹಾಯಿಹಡಗಿನ ಕಾಲದಲ್ಲಿ ಯೂರೋಪಿಗೆ ಹೋಗುವ ತಿಂಗಳುಗಟ್ಟಲೆ ಪ್ರಯಾಣದಲ್ಲಿ ಬೀಜ ಉಬ್ಬಿ ಹಳದಿಯಾಗುತ್ತಿತ್ತು. ಪ್ರಯಾಣದ ಅವಧಿ ಕಡಿಮೆಯಾದ ಮೇಲೆ ಅದೇ ರುಚಿಗಾಗಿ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರವಿ ಮಳೆಗಾಳಿಗೆ ಒಡ್ಡತೊಡಗಿದರು. ಹಾಫ್‌ಮನ್ ಅವರ ಭಾರತದ ಪುಟಗಳಲ್ಲಿ ಇದರ ಪ್ರಸ್ತಾಪವಿದೆ.

ಬೀಜ ಮನೆಯಲ್ಲೇ ಹುರಿಯಬೇಕೆಂದಿದ್ದೇನೆ. ಪುಸ್ತಕ ನೋಡಿ ಕಲಿಯಬಹುದಾ?

ಕೆನೆತ್ ಡೇವಿಡ್ಸ್ ಅವರ ‘ಹೋಮ್ ಕಾಫಿ ರೋಸ್ಟಿಂಗ್’ ಸಾಕು. ಬಾಣಲೆಯಂಥ ಸಾಮಾನ್ಯ ಸಾಧನಗಳಿಂದಲೇ ಅದು ಆರಂಭಿಸುತ್ತದೆ. ಸ್ಕಾಟ್ ರಾವ್ ಅವರ ‘ದ ಕಾಫಿ ರೋಸ್ಟರ್ಸ್ ಕಂಪ್ಯಾನಿಯನ್’ (2014) ಯಂತ್ರವಿಟ್ಟು ವ್ಯಾಪಾರ ಮಾಡುವವರಿಗೆ. ಮನೆಯವರಿಗೆ ಅದು ಈಗಲೇ ಬೇಡ. ವಿದೇಶಿ ಪುಸ್ತಕ ಓದುವವರಿಗೆ ಒಂದು ಸೂಚನೆ: ಅರೇಬಿಕಾ, ರೊಬಸ್ಟಾ ಎಂಬುವು ಕಾಫಿಯ ಎರಡು ಮುಖ್ಯ ಜಾತಿಗಳು; ಅವರು ತೊಳೆದು ಸಂಸ್ಕರಿಸಿದ ಬೀಜವೆನ್ನುವುದು ನಮ್ಮ ಪೇಟೆಯಲ್ಲಿ ಅರೇಬಿಕಾ ಆದರೆ ಪ್ಲಾಂಟೇಶನ್, ರೊಬಸ್ಟಾ ಆದರೆ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಒಣಗಿಸಿದ್ದು ಎರಡರಲ್ಲೂ ಚೆರಿ.

ಆಳವಾಗಿ ಓದುವವರಿಗೆ

ಅಡಿಕೆ ತೋಟದಲ್ಲಿ ಕಾಫಿ ಹಾಕಿದ್ದೇವೆ. ನಮಗೆ ಉಪಯೋಗ ಆಗುವ ಪುಸ್ತಕ ಯಾವುದು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆಯ ನಡುವೆ ಕಾಫಿ ನೆಡುವವರು ಹೆಚ್ಚಿದ ಮೇಲೆ ಈ ಪ್ರಶ್ನೆಯೂ ಹೆಚ್ಚಿದೆ. ಸಮಗ್ರ ಗ್ರಂಥವೆಂದರೆ ಜೀನ್ ನಿಕೊಲಾಸ್ ವಿಂಟ್‌ಜೆನ್ಸ್ ಸಂಪಾದಿಸಿದ, 2004ರಲ್ಲಿ ಮೊದಲು ಬಂದ ‘ಕಾಫಿ: ಗ್ರೋಯಿಂಗ್, ಪ್ರೊಸೆಸಿಂಗ್, ಸಸ್ಟೇನಬಲ್ ಪ್ರೊಡಕ್ಷನ್’. ಬೆಲೆ ದುಬಾರಿ, ಗಾತ್ರ ದೊಡ್ಡದು. ನಾಲ್ಕಾರು ಮನೆಯವರು ಸೇರಿ ಕೊಂಡರೆ ಮಾತ್ರ ಸರಿ. ಅದಕ್ಕೂ ಮೊದಲು ಕಾಫಿ ಮಂಡಳಿಯ ಬೆಳೆ ಕೈಪಿಡಿಯನ್ನು ಓದಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ನಮ್ಮ ನೆಲದಲ್ಲೇ ಮಾಡಿದ ಕೆಲಸದ ಸಾರ ಅಲ್ಲಿದೆ.

ಓದುವಾಗ ಎಚ್ಚರ ಬೇಕು. ಹೊರನಾಡಿನ ಪುಸ್ತಕಗಳ ಬಹುಪಾಲು ಅರೇಬಿಕಾ ಕುರಿತದ್ದು. ನಮ್ಮಲ್ಲಿ ಅರೇಬಿಕಾಕ್ಕೆ 1000ದಿಂದ 1500 ಮೀಟರ್, ರೊಬಸ್ಟಾಕ್ಕೆ 500ರಿಂದ 1000 ಮೀಟರ್ ಎತ್ತರ ಸೂಕ್ತವೆನ್ನುತ್ತಾರೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಆದ್ದರಿಂದ ನಮ್ಮವರು ರೊಬಸ್ಟಾ ಮತ್ತು ಅದರ ಮಿಶ್ರತಳಿಯಾದ ಸಿ×ಆರ್‌ನ ಅಧ್ಯಾಯಗಳನ್ನು, ಹೂ ಅರಳಿಸುವ ಮಳೆ (ಹೂಮಳೆ) ತಪ್ಪಿದಾಗ ನೀರು ಕೊಡುವ ಕ್ರಮವನ್ನು, ಕಾಯಿಕೊರಕದ ಹತೋಟಿಯನ್ನು ಮೊದಲು ಓದಬೇಕು. ಅಡಿಕೆಗೆ ಬಸಿಗಾಲುವೆ ತೆಗೆದ ತೋಟದಲ್ಲಿ ಕಾಫಿಯ ಬೇರು ಹೇಗಿರುತ್ತದೆ ಎಂಬುದಕ್ಕೆ ಪುಸ್ತಕಕ್ಕಿಂತ ಎರಡು ಮಳೆಗಾಲ ಕಂಡ ನೆರೆಯವರ ತೋಟವೇ ಹೆಚ್ಚು ಹೇಳುತ್ತದೆ.

ಇದೆಲ್ಲ ಓದಿ ಆಗಿದೆ. ಇನ್ನು ಮುಂದೆ ಯಾವುದು?

ವಿಜ್ಞಾನಕ್ಕೆ ಹೆದರದವರು ಆಂಡ್ರಿಯಾ ಇಲ್ಲಿ (Illy) ಮತ್ತು ರಿನಾಂಟೋನಿಯೊ ವಿಯಾನಿ ಸಂಪಾದಿಸಿದ ‘ಎಸ್ಪ್ರೆಸೊ ಕಾಫಿ: ದ ಸೈನ್ಸ್ ಆಫ್ ಕ್ವಾಲಿಟಿ’ಯ ಎರಡನೆಯ ಆವೃತ್ತಿಯನ್ನು (2005) ನೋಡಬಹುದು. ಒತ್ತಡದಿಂದ ಕಾಫಿ ಇಳಿಸುವ ಎಸ್ಪ್ರೆಸೊ ಯಂತ್ರ ಮನೆಯಲ್ಲಿಲ್ಲದವರಿಗೂ ಹಸಿ ಬೀಜ ಮತ್ತು ಹುರಿದ ಬೀಜಗಳ ರಸಾಯನಶಾಸ್ತ್ರದ ಅಧ್ಯಾಯಗಳು ಉಪಯುಕ್ತ. ಇನ್ನೊಂದು, ಖಗೋಳ ಭೌತವಿಜ್ಞಾನಿ ಜೊನಾಥನ್ ಗಾನ್ಯೆ ಅವರ ‘ದ ಫಿಸಿಕ್ಸ್ ಆಫ್ ಫಿಲ್ಟರ್ ಕಾಫಿ’. ಪುಡಿಯ ಹಾಸಿನ ನಡುವೆ ನೀರು ದಾರಿ ಮಾಡಿಕೊಂಡು ಇಳಿಯುವ ಬಗೆಯನ್ನು ಗಣಿತದ ಸಹಾಯದಿಂದ ವಿವರಿಸುವ ಪುಸ್ತಕ ಅದು. ಅವರು ಬರೆದದ್ದು ಕಾಗದದ ಸೋಸುಕದ ಬಗ್ಗೆ. ಆದರೂ ಅದನ್ನು ಓದಿದ ಮರುದಿನ ನಮ್ಮ ಫಿಲ್ಟರ್‌ನ ಒತ್ತುತಟ್ಟೆಯನ್ನು ಎಷ್ಟು ಒತ್ತಬೇಕು ಎಂದು ನಾಲ್ಕು ಸಲ ಮಾಡಿ ನೋಡಿದೆ. ಬಲವಾಗಿ ಒತ್ತಿದ್ದಕ್ಕಿಂತ, ಪುಡಿಯನ್ನು ಸಮ ಮಾಡಿ ತಟ್ಟೆಯನ್ನು ಸುಮ್ಮನೆ ಕೂರಿಸಿದ್ದೇ ನಮ್ಮ ಮನೆಯ ಎಲ್ಲರಿಗೂ ಹಿಡಿಸಿತು.